ಕದ್ದ ಚಂದ್ರಿಕೆ

ದ್ರವಸ್ಫಟಿಕ ಪಾಲಿಮರನ್ನು ಅಚ್ಚಾಗಿಟ್ಟು ಬೆಳ್ಳಿಯ ನ್ಯಾನೊಕಣ ಬೆಳೆಸುವುದು ನನ್ನ ಪಿಎಚ್‌ಡಿ ಕೆಲಸವಾಗಿತ್ತು. ಪಾಲಿಮರ್ ಸಾಲುಗಟ್ಟಿ ನಿಲ್ಲುತ್ತದೆ, ಕಣಗಳು ಅದರ ಸಂದುಗಳಲ್ಲೇ ಕೂರುತ್ತವೆ. ಹುತ್ತೂರಿನ ನಮ್ಮ ಮನೆಯಲ್ಲಿ ಅಮ್ಮ ಹಣ್ಣಾದ ರೇಷ್ಮೆಹುಳುಗಳನ್ನು ಮೇದರು ಬಿದಿರಿನಲ್ಲಿ ಹೆಣೆದುಕೊಟ್ಟ ಚಂದ್ರಿಕೆಯೆಂಬ ತಟ್ಟಿಗೆ ಬಿಟ್ಟಾಗ ಅವೂ ಹೀಗೇ ಅದರ ಸುರುಳಿಗಳ ನಡುವೆ ಗೂಡು ಕಟ್ಟುತ್ತಿದ್ದವು. ಪ್ರಬಂಧದಲ್ಲಿ ಇದನ್ನು ಬರೆದೆ. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಹುಳದ ವಾಸ್ನೆ ಬರ್ತದೆ ಕಣಯ್ಯಾ ಇದ್ರಲ್ಲಿ," ಎಂದರು.

ಮುಂದಿನ ತಿಂಗಳು ಕೋಲಾರದ ವಿಚಾರಸಂಕಿರಣದಲ್ಲಿ ಆ ಮಹಾನುಭಾವರು ಅದೇ ಹೋಲಿಕೆಯನ್ನು ತಮ್ಮದೆಂದು ಹೇಳಿದರು. ಕದ್ದದ್ದನ್ನೂ ನೆಟ್ಟಗೆ ಹೇಳಲು ಬರಲಿಲ್ಲ. ಹುಳುವೇ ಚಂದ್ರಿಕೆ ಹೆಣೆಯುತ್ತದಂತೆ. ಸಭೆಯ ಪಂಡಿತರೆಲ್ಲ ತಲೆದೂಗಿದರು.

ಮೊದಲು ಚಪ್ಪಾಳೆ ತಟ್ಟಿದವನು ನಾನು. ಪ್ರಬಂಧಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.