ಬ್ಯಾನಿ ಕುರಿಗೆ ಸೂಜಿಯಿಲ್ಲ

ತೋಯ್ದ ಕಂಬಳಿಯ ವಾಸನೆ ಮೊದಲು ಮೂಗಿಗೆ ಬಡಿಯಿತು. ಕಂಬಳಿ ಕಣ್ಣಿಗೆ ಬಿದ್ದದ್ದು ಆಮೇಲೆ. ಗದ್ವಾಲಿನ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ಕೂತ ಬೆಂಚಿನ ಆ ತುದಿಗೆ ಯಾರೋ ಒಬ್ಬ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಹೊರಗೆ ಜಿಟಿಜಿಟಿ ಮಳೆ. ಮಡಿಸಿ ಪಕ್ಕದಲ್ಲಿಟ್ಟಿದ್ದ ಕರಿ ಕಂಬಳಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಸ ಗುಡಿಸುವಾಕೆ ಬಂದು ಬೈದಳು, ಅವನು ಅದನ್ನು ಕಾಲ ಬುಡಕ್ಕೆ ಎಳೆದುಕೊಂಡ. ಉಣ್ಣೆ, ಬೀಡಿ ಹೊಗೆ, ಕುರಿಹಿಕ್ಕೆ, ಅದರೊಳಗೆ ಎಲ್ಲೋ ಒಂದಿಷ್ಟು ಭಂಡಾರದ ಅರಿಶಿನ... ನನಗೆ ಆ ವಾಸನೆ ಒಬ್ಬನೇ ಒಬ್ಬನದು.

ಮಕ್ಕಳ ಡಾಕ್ಟರ ಹತ್ತಿರ ನನ್ನಂಥ ಮುದುಕಿಗೆ ಏನು ಕೆಲಸ ಎಂದು ಕೇಳಬಹುದು. ಅಲ್ಲಿ ಕೂತ ತಾಯಂದಿರೂ ಹಾಗೇ ನೋಡುತ್ತಾರೆ. ಫ್ಲೂ ಸೂಜಿಯನ್ನು ದೊಡ್ಡವರಿಗೆಂದು ನಮ್ಮ ಕಡೆ ಯಾರೂ ತರಿಸಿಡುವುದಿಲ್ಲ. ಕೂಸುಗಳಿಗೆಂದು ತರಿಸಿದ್ದರಲ್ಲಿ ನನಗೂ ಒಂದು. ನನ್ನದು ಕೀಲುವಾತ. ಮೈಯೊಳಗಿನ ಕಾವಲುಗಾರರೇ ಮನೆಯವರನ್ನು ಹಿಡಿದು ಹೊಡೆಯುವ ಜಡ್ಡು ಅದು. ಅವರನ್ನು ಅಡಗಿಸಿಡಲು ಗುಳಿಗೆ ನುಂಗಬೇಕು, ಅಡಗಿಸಿದರೆ ಹೊರಗಿನ ಕಳ್ಳರಿಗೆ ಬಾಗಿಲು ತೆರೆದ ಹಾಗೆ. ಅದಕ್ಕೇ ಮಳೆಗಾಲ ಹಿಡಿಯುವ ಹೊತ್ತಿಗೆ ಪ್ರತಿ ವರ್ಷ ಈ ಬೆಂಚಿಗೆ ಬಂದು ಕೂಸುಗಳ ಅಳು ಕೇಳುತ್ತಾ ಕೂರುತ್ತೇನೆ.

ಆ ಕಂಬಳಿ ವಾಸನೆಯ ಒಬ್ಬ ನಮ್ಮ ಪಕ್ಕದ ಮನೆಯವನಾಗಿದ್ದ. ನಮ್ಮೂರು ತೆಲುಗು ಸೀಮೆಯ ಅಂಚಿಗೆ, ಮಕ್ತಲ್‌ನಿಂದ ಒಳದಾರಿಗೆ ಇರುವ, ಕನ್ನಡ ಆಡುವ ಸಣ್ಣ ಊರು. ನೆಂಟಸ್ತನ ಏನೂ ಇರಲಿಲ್ಲ, ಜಾತಿಯೂ ಬೇರೆ, ಆದರೂ ಸಣ್ಣಂದಿನಿಂದ ಮಾವ ಎಂದೇ ಕರೆದೆ. ಅವನ ಹೆಂಡತಿ ಅತ್ತಿ. ಮಾವ ಕುರಿ ಕಾಯುವವರ ದೇವರು ಬೀರಪ್ಪನ ಒಕ್ಕಲು. ಒಂದು ಕಾಲಕ್ಕೆ ಹಿಂಡು ಹೊಡೆದುಕೊಂಡು ಕೃಷ್ಣೆಯ ಆಚೆಗೂ ಹೋಗಿ ತಿಂಗಳುಗಟ್ಟಲೆ ಅಡವಿಯಲ್ಲೇ ಇದ್ದು ಬಂದವನು. ದಮ್ಮು ಹಿಡಿದ ಮೇಲೆ ಮಕ್ಕಳ ಕೈಗೆ ಕೋಲು ಕೊಟ್ಟು ಕಟ್ಟೆಯ ಮೇಲೆ ಕೂತ. ಬೀಡಿ ಬಿಡು ಎಂದರೆ ಬಿಟ್ಟೆ ಎನ್ನುತ್ತಿದ್ದ, ಕಂಬಳಿ ಮಾತ್ರ ಬೇರೆ ಹೇಳುತ್ತಿತ್ತು.

ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನಾನು ಬೆರಳು ಮಡಚಲು ಬಾರದೆ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ, ನನ್ನ ಡಬ್ಬಿಗಳ ಮುಚ್ಚಳ ತೆಗೆಯುವ ಕೆಲಸ ಮಾವ ತಾನಾಗಿ ವಹಿಸಿಕೊಂಡ. ಬೆಳಿಗ್ಗೆ ಚಹಾದ ಹೊತ್ತಿಗೆ ಬರುತ್ತಿದ್ದ. ಗುಳಿಗೆ ಡಬ್ಬಿ, ಉಪ್ಪಿನಕಾಯಿ ಡಬ್ಬಿ, ನೀರಿನ ಬಾಟಲಿ, ಎಲ್ಲ ಸಾಲಾಗಿ ಇಟ್ಟಿರುತ್ತಿದ್ದೆ. ಒಂದೊಂದನ್ನೂ ತಿರುಗಿಸಿ, ಸಡಿಲ ಮಾಡಿ, ನಡುನಡುವೆ ಏದುಸಿರು ಬಿಡುತ್ತಾ ಕೂರುತ್ತಿದ್ದ. ಉಸಿರಿನ ಪಂಪು ಅಂಗಿಯ ಜೇಬಿನಲ್ಲಿ ಇರುತ್ತಿತ್ತು, ಎದುರಿಗೆ ಎಳೆದುಕೊಳ್ಳಲು ನಾಚಿಕೆ. ಗೋಡೆಯ ಕಡೆ ತಿರುಗಿ ಎಳೆದುಕೊಂಡು, ಏನೂ ಆಗಿಲ್ಲ ಎನ್ನುವವನ ಹಾಗೆ ಈ ಕಡೆ ತಿರುಗುತ್ತಿದ್ದ.

"ಈ ಓಣಿ ಹಿಂಡಿನ್ಯಾಗ ಎಲ್ಲಾ ಗಟ್ಟಿ ಅದಾವ ಯವ್ವಾ. ಬ್ಯಾನಿ ಕುರಿ ಎರಡಾ. ಒಂದು ನಾನು, ಒಂದು ನೀನು" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆ ಮಾತಿನೊಳಗೆ ಏನಿದೆ ಎಂದು ಆಗ ಯಾರಿಗೆ ಗೊತ್ತಿತ್ತು...

ಮಾವನ ಹಟ್ಟಿಗೆ ಮಳೆಗಾಲದ ಮೊದಲು ಪಶು ದವಾಖಾನೆಯವರು ಬಂದು ಕುರಿಗಳಿಗೆ ಸೂಜಿ ಮಾಡುವುದಿತ್ತು. ಆ ದಿನ ಅವನೇ ಒಡೆಯ. ದಮ್ಮು ಎಲ್ಲಿ ಹೋಗುತ್ತಿತ್ತೋ ಏನೋ. ನಸುಕಿಗೇ ಹಟ್ಟಿಯ ಬಾಯಿಗೆ ನಿಂತು ಒಂದೊಂದು ಕುರಿಯ ಕಣ್ಣರೆಪ್ಪೆ ಮಗುಚಿ ನೋಡಿ, ಮೂಗು ಮುಟ್ಟಿ, ಹೊಟ್ಟೆ ಹಿಚುಕಿ ಒಳಗೆ ಬಿಡುತ್ತಿದ್ದ. ಮೂಗು ಸೋರುವುದು, ಕೆಮ್ಮುವುದು, ತಲೆ ಕೆಳಗೆ ಹಾಕಿ ನಿಂತದ್ದು, ಅಂಥವನ್ನೆಲ್ಲ ಹೊರಗೆ ಬೇವಿನ ಮರಕ್ಕೆ ಕಟ್ಟಿಸುತ್ತಿದ್ದ. ಜಡ್ಡು ಬಿದ್ದ ಕುರಿಯ ಮೈ ಸೂಜಿಯ ಮದ್ದನ್ನು ತಾಳುವುದಿಲ್ಲ, ಮೊದಲು ಜಡ್ಡು ಇಳಿಯಲಿ ಎಂದು ದವಾಖಾನೆಯವರೇ ಹೇಳಿಕೊಟ್ಟಿದ್ದರು. ಮರಕ್ಕೆ ಕಟ್ಟಿದ ಕುರಿಗಳ ಹಣೆಗೆ ಮಾವ ಭಂಡಾರ ಹಚ್ಚುತ್ತಿದ್ದ. ಇವು ಬೀರಪ್ಪನ ಪಾಲು, ಅವನೇ ನೋಡಿಕೊಳ್ಳುತ್ತಾನೆ ಎಂದರ್ಥ. ಗಟ್ಟಿ ಕುರಿಗೆ ಸೂಜಿ, ಬ್ಯಾನಿ ಕುರಿಗೆ ದೇವರು. ಅವನ ಅಪ್ಪನ ಕಾಲದಲ್ಲಿ ಇದ್ದದ್ದು ದೇವರು ಮಾತ್ರ. ಇವನ ಕಾಲಕ್ಕೆ ಸೂಜಿ ಬಂತು, ಎರಡನ್ನೂ ಜಗಳವಿಲ್ಲದೆ ಒಂದೇ ಹಟ್ಟಿಯಲ್ಲಿ ಇಟ್ಟುಕೊಂಡಿದ್ದ.

ಕರೋನಾ ಸೂಜಿ ನಮ್ಮೂರಿಗೆ ಬಂದಾಗ ಮಾವ ಅದೇ ಹಟ್ಟಿಯ ಲೆಕ್ಕವನ್ನು ಮನುಷ್ಯರ ಮೇಲೆ ಹಾಕಿದ. ಊರು ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ಮೊದಲು ಅತ್ತಿಯನ್ನು ಕಳಿಸಿದವನು ಅವನೇ. ಆಮೇಲೆ ತಮ್ಮಂದಿರನ್ನು, ವಯಸ್ಸಿನ ಲೆಕ್ಕಕ್ಕೆ ಬಂದ ಓಣಿಯವರನ್ನೆಲ್ಲ. ಬರಲ್ಲ ಎಂದವರಿಗೆ ಕೋಲು ತೋರಿಸಿದ. ಪಂಚಾಯಿತಿ ಆಫೀಸಿನ ಗೇಟಿಗೆ ನಿಂತು ಅವರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡಿಕೊಂಡು ನಿಂತ. ತಾನು ಮಾತ್ರ ಒಳಗೆ ಕಾಲಿಡಲಿಲ್ಲ. ನನಗೂ ಇಡಬೇಡ ಎಂದ.

"ನಮ್ಮಿಬ್ಬರಿಗೂ ಬ್ಯಾಡವ್ವಾ ಅದು. ಬ್ಯಾನಿ ಮೈಗೆ ಸೂಜಿ ಬಿದ್ರ ಉಳ್ಯಾಂಗಿಲ್ಲ. ಸುಮ್ನ ಕುಂದ್ರು."

ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. ನನ್ನ ಡಾಕ್ಟರಿಗೆ ಫೋನು ಮಾಡಿ, ಮಾವನ ಕುರಿ ಲೆಕ್ಕ ಹೇಳಿ ಕೇಳಿದೆ. ಕುರಿಗೆ ಬರುವ ಜ್ವರದ ಜಡ್ಡು ಬೇರೆ, ನಿಮ್ಮಂಥವರ ದಿನವೂ ಇರುವ ಜಡ್ಡು ಬೇರೆ. ದಮ್ಮು, ಸಕ್ಕರೆ, ಕೀಲುವಾತ ಇದ್ದವರೇ ಮೊದಲು ತೆಗೆದುಕೊಳ್ಳಬೇಕು, ಗಟ್ಟಿ ಇದ್ದವರು ಬೇಕಾದರೆ ಕಾಯಲಿ ಎಂದರು. ಹೋಗಿ ಸೂಜಿ ಮಾಡಿಸಿಕೊಂಡು ಬಂದೆ. ಮಾವನಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆಯಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುಳಿಗೆ ಡಬ್ಬಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಒಡೆದೆ, ಗುಳಿಗೆ ಅಂಗಳದ ತುಂಬ ಚೆಲ್ಲಿದವು. ಆಮೇಲೆ ಒಂದು ಬೆಳಿಗ್ಗೆ ಬಂದ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ನನ್ನ ಮುಖವನ್ನೇ ನೋಡಿದ. ಹತ್ತಿರ ಬಂದು ನನ್ನ ಕಣ್ಣರೆಪ್ಪೆ ಕೆಳಗೆಳೆದು ನೋಡಿದ, ಹಟ್ಟಿಯಲ್ಲಿ ನೋಡುತ್ತಿದ್ದ ಹಾಗೇ.

"ಗಟ್ಟಿ ಅದೀಯಲ್ಲೇ!" ಎಂದ. ಕೂತು ಡಬ್ಬಿಗಳಿಗೆ ಕೈ ಹಾಕಿದ. ಎದ್ದು ಹೋಗುವಾಗ, "ಹಂಗಾರ ನಾನೂ ಮಾಡಿಸ್ಕೋತೀನಿ. ನೀ ಸಂಗಾಟ ಬಾ" ಎಂದ.

ಅವತ್ತು ಒಗೆದ ಧೋತರ, ಕೆಂಪು ರುಮಾಲು, ಹಣೆ ತುಂಬ ಭಂಡಾರ. ದೇವರಿಗೆ ಹೋಗುವವನ ಹಾಗೆ ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಹೊರಟ. ನನ್ನ ಮೊಣಕಾಲು, ಅವನ ಉಸಿರು, ಎರಡೂ ಸೇರಿ ನಮ್ಮನ್ನು ಅಲ್ಲಲ್ಲಿ ಕೂರಿಸಿದವು. ಕಂಡವರು ನಕ್ಕರು, ನಾವೂ ನಕ್ಕೆವು.

ಪಂಚಾಯಿತಿ ಆಫೀಸಿನ ಬಾಗಿಲಲ್ಲಿ ಜ್ವರ ನೋಡುವ ಯಂತ್ರ ಹಿಡಿದು ಒಬ್ಬ ಹುಡುಗಿ ಕೂತಿದ್ದಳು. ಹೊರಗಿನಿಂದ ಬಂದವಳು, ತೆಲುಗಿನವಳು. ಹಣೆಗೆ ಹಿಡಿದಳು, ಜ್ವರ ಇಲ್ಲ. "ದಗ್ಗು ಉಂದಾ ತಾತಾ?" ಎಂದಳು. ಕೆಮ್ಮು ಐತೇನು ಅಂತ. ಮಾವನಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ಯಾವಾಗಲೂ ಇರುತ್ತದಮ್ಮಾ ಎಂದು ಅವಳ ಮಾತಿನಲ್ಲೇ ಹೇಳಿದ, ಹೇಳುತ್ತಲೇ ಕೆಮ್ಮಿದ. ಹುಡುಗಿ ಕುರ್ಚಿ ಹಿಂದೆ ಸರಿಸಿದಳು. ಸಾಲಿನಲ್ಲಿದ್ದವರೂ ಚದುರಿದರು. ಆ ದಿನಗಳಲ್ಲಿ ಒಂದು ಕೆಮ್ಮಿಗೆ ಒಂದು ಸಂತೆ ಖಾಲಿ ಆಗುತ್ತಿತ್ತು. ಇದು ದಮ್ಮಿನ ಕೆಮ್ಮು, ಹಳೆಯದು ಎಂದು ನಾನು ಹೇಳಿದೆ. ಅವನ ಜೇಬಿನಿಂದ ಪಂಪು ತೆಗೆದು ತೋರಿಸಿದೆ. ಒಳಗಿರುವ ದೊಡ್ಡವರನ್ನು ಕರೆ ಎಂದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ದಗ್ಗು ತಗ್ಗಿನಂಕ ರಾ ತಾತಾ" ಎಂದಳು. ಕೆಮ್ಮು ಇಳಿದ ಮೇಲೆ ಬಾ. ಇಪ್ಪತ್ತು ವರ್ಷದಿಂದ ಇಳಿಯದ ಕೆಮ್ಮು.

ಆ ಹುಡುಗಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವಳದು ಸಣ್ಣ ವಯಸ್ಸು, ಅವಳಿಗೂ ಹೆದರಿಕೆ, ಯಾರು ಏನು ಹೇಳಿ ಕೂರಿಸಿದ್ದರೋ ಎಂದೆಲ್ಲ ಸಮಾಧಾನ ಹೇಳಿಕೊಂಡು ನೋಡಿದ್ದೇನೆ. ಸಿಟ್ಟು ಇಳಿಯುವುದಿಲ್ಲ. ಯಾರಿಗೆ ಆ ಸೂಜಿ ಎಲ್ಲರಿಗಿಂತ ಮೊದಲು ಬೇಕಿತ್ತೋ ಅವನನ್ನೇ, ಯಾಕೆ ಬೇಕಿತ್ತೋ ಅದೇ ಕಾರಣಕ್ಕೆ, ಬಾಗಿಲಿನಿಂದ ತಿರುಗಿಸಿ ಕಳಿಸಿದಳು.

ಅದಕ್ಕಿಂತ ಕೆಟ್ಟದ್ದೆಂದರೆ ಮಾವನಿಗೆ ಬೇಜಾರೇ ಆಗಲಿಲ್ಲ. ದಾರಿಯಲ್ಲಿ ಬರುತ್ತಾ ಅವನ ಮುಖ ಗೆದ್ದವನ ಮುಖವಾಗಿತ್ತು. "ನೋಡಿದೇನವ್ವಾ? ಅವರೂ ಅದನ್ನಾ ಅಂದ್ರು. ಬ್ಯಾನಿ ಕುರಿ ಅಂತ ನೋಡಿದ ಕೂಡ್ಲೇ ಗುರ್ತು ಹಿಡದ್ರು" ಎಂದ. ನಾನು ಇಷ್ಟು ದಿನ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾರಾಯಣಪೇಟೆಗೆ ಹೋಗೋಣ, ಅಲ್ಲಿ ದೊಡ್ಡ ಡಾಕ್ಟರು ಇರುತ್ತಾರೆ ಎಂದೆ. ಅವನ ಮಕ್ಕಳಿಗೆ ಹೇಳಿದೆ. ಅವರು ಊರಿನಲ್ಲಿ ಗ್ಲೂಕೋಸು ಏರಿಸುವ, ಓದದೇ ಕೈಪಳಗಿದ ನಮ್ಮ ಡಾಕ್ಟರನ್ನು ಕೇಳಿದರು. ಜಡ್ಡಿದ್ದೋರಿಗೆ ಯಾಕ ಸುಮ್ನ ರಿಸ್ಕು ಎಂದನಂತೆ ಆ ಪುಣ್ಯಾತ್ಮ. ಅಲ್ಲಿಗೆ ಮುಗಿಯಿತು. ಮಾವ ತನ್ನ ಹಣೆಗೆ ತಾನೇ ಭಂಡಾರ ಹಚ್ಚಿಕೊಂಡು, ಕಟ್ಟೆಯ ಮೇಲೆ, ಬೇವಿನ ನೆರಳಿಗೆ ಕೂತ.

ಎರಡನೇ ಅಲೆ ಬಂದಾಗ ಆ ಮನೆಯಲ್ಲಿ ಎಲ್ಲರಿಗೂ ಜ್ವರ ಬಂತು. ಅತ್ತಿ ನಾಲ್ಕು ದಿನ ಮಲಗಿ ಎದ್ದು ರೊಟ್ಟಿ ತಟ್ಟಿದಳು. ತಮ್ಮಂದಿರು ಎದ್ದರು. ಮಾವ ಏಳಲಿಲ್ಲ. ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ಇದ್ದ. ಪಂಪನ್ನು ಎಲ್ಲರೆದುರಿಗೇ ಎಳೆದುಕೊಂಡ, ನಾಚಿಕೆ ಬಿಟ್ಟು. ಆಕ್ಸಿಜನ್ ಎಲ್ಲಾದರೂ ಸಿಕ್ಕೀತೆಂದು ಜೀಪಿನಲ್ಲಿ ಹಾಕಿಕೊಂಡು ಮಹಬೂಬ್‌ನಗರದ ಕಡೆ ಹೊರಟರು. ಮರಿಕಲ್ ದಾಟುವುದರೊಳಗೆ ಎಲ್ಲ ಮುಗಿದಿತ್ತು. ಮುಖ ನೋಡಲು ನಮಗೆ ಬಿಡಲಿಲ್ಲ. ನಾನು ನನ್ನ ಬಾಗಿಲಲ್ಲಿ ನಿಂತು ಅವನನ್ನು ಹಾಕಿಕೊಂಡ ಜೀಪು ಓಣಿ ತಿರುಗಿ ಹೋಗುವುದನ್ನು ನೋಡಿದ್ದೆ... ಅಷ್ಟೇ.

ಗದ್ವಾಲಿನ ನರ್ಸು ನನ್ನ ಹೆಸರು ಕರೆದಾಗ ಆ ಅಜ್ಜ ಮೊಮ್ಮಗಳನ್ನು ಎತ್ತಿಕೊಂಡು ಹೋಗಿಬಿಟ್ಟಿದ್ದ. ಸೂಜಿ ಮಾಡಿಸಿಕೊಂಡು ಬಸ್ಸು ಹಿಡಿದು ಊರಿಗೆ ಬರುವ ಹೊತ್ತಿಗೆ ಸಂಜೆ. ಅತ್ತಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಈಗ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುವುದೇ ಇಲ್ಲ, ಹೋದ ಚಳಿಗಾಲದಲ್ಲಿ ಜ್ವರ ಬಂದು ಎದೆ ಕಟ್ಟಿ ಹೇಗೋ ಉಳಿದಳು. ಮುಂದಿನ ವಾರ ನನ್ನ ಜೊತೆ ಗದ್ವಾಲಿಗೆ ಬಾ, ನಿನಗೂ ಮಾಡಿಸಿಕೊಂಡು ಬರೋಣ ಎಂದೆ. ಪ್ರತಿ ವರ್ಷ ಅನ್ನುತ್ತೇನೆ.

"ಬ್ಯಾಡವ್ವಾ ತಾಯಿ. ಆ ಸೂಜಿ ನಿಮ್ಮ ಮಾವನ್ನ ತಿಂದದ್ದು ಸಾಕು" ಎಂದಳು.

ಓಣಿಯೆಲ್ಲ ಹೇಳುವುದು ಹೀಗೇ. ಮಾವ ಒಗೆದ ಧೋತರ ಉಟ್ಟು ಸೂಜಿಗೆ ಹೋದದ್ದನ್ನು ಎಲ್ಲರೂ ಕಂಡಿದ್ದರು. ಹೋದ, ಬಂದ, ಸ್ವಲ್ಪ ದಿನಕ್ಕೆ ಸತ್ತ. ನಡುವೆ ಏನಾಯಿತೆಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಗೊತ್ತಿದ್ದ ಮಕ್ಕಳೂ ಬಾಯಿ ಬಿಡುವುದಿಲ್ಲ, ಬಿಟ್ಟರೆ ತಾವು ನಾರಾಯಣಪೇಟೆಗೆ ಕರೆದೊಯ್ಯಲಿಲ್ಲ ಎಂದೂ ಹೇಳಬೇಕಾಗುತ್ತದೆ. ಅವನ ಹೆಸರು ಹೇಳಿಯೇ ಈ ಓಣಿಯ ಸಕ್ಕರೆಯವರು, ದಮ್ಮಿನವರು ಯಾವ ಸೂಜಿಯ ಹತ್ತಿರವೂ ಸುಳಿಯುವುದಿಲ್ಲ. ಊರನ್ನೇ ಸೂಜಿಗೆ ಹೊಡೆದುಕೊಂಡು ಹೋದ ಮನುಷ್ಯ, ಇವತ್ತು ಊರಿಗೆ ಅದನ್ನು ತಪ್ಪಿಸಿಕೊಳ್ಳಲು ಸಿಕ್ಕ ನೆಪ.

"ಅತ್ತಿ, ಮಾವಗ ಸೂಜಿ ಮಾಡ್ಲೇ ಇಲ್ಲ. ಬಾಗಿಲದಾಗಿಂದ್ಲೇ ವಾಪಸ್ ಕಳಿಸಿದ್ರು. ನಾನು ಸಂಗಾಟ ಇದ್ನಲ್ಲ" ಎಂದೆ.

ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮಾಡಿಲ್ಲಂದ್ರ ಮತ್ಯಾಕ ಸತ್ತ?"

ಉತ್ತರ ನನಗೆ ಗೊತ್ತಿದೆ. ಆ ಮುಖ ನೋಡಿಕೊಂಡು ಅದನ್ನು ಹೇಳುವ ಬಾಯಿ ನನಗಿನ್ನೂ ಬಂದಿಲ್ಲ.