ಹ ಇಲ್ಲದ ಮನೆ

ನಮ್ಮ ಮನೆಯಲ್ಲಿ ಹ ಅನ್ನುವ ಅಕ್ಷರವೇ ಇರಲಿಲ್ಲ. ಚಿಕ್ಕಯ್ಯನಛತ್ರದ ಪಕ್ಕದ ನಮ್ಮೂರಿನಲ್ಲಿ ಹಸು ಅಂದರೆ ಅಸು, ಹಾಲು ಅಂದರೆ ಆಲು. ಅಪ್ಪ ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ಕೂಗುತ್ತಿದ್ದ: “ಏ ಉಡುಗಿ, ಒಂದ್ ಚೊಂಬು ನೀರ್ ತತ್ತಾರವ್ವ.” ನನಗೂ ಒಂದು ಹೆಸರಿತ್ತು, ಆದರೆ ಅದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ.

ಹೈಸ್ಕೂಲಿಗೆ ತಿ. ನರಸೀಪುರದ ಹಾಸ್ಟೆಲ್ ಸೇರಿದೆ. ಮೊದಲ ಭಾನುವಾರವೇ ಅಪ್ಪ ಬಂದು, ಗೇಟಿನ ವಾಚ್‌ಮನ್ ಹತ್ತಿರ “ನಮ್ ಉಡುಗಿ ಎಲ್ಲವ್ಳೆ ಸಾ?” ಅಂತ ಕೇಳಿದ. ಇಡೀ ವಾರ ಹಾಸ್ಟೆಲ್ಲಿನವರು ನನ್ನನ್ನು ಹಾಗೇ ಕರೆದು ನಕ್ಕರು. ಮುಂದಿನ ಭಾನುವಾರ ನಾನು, “ಹುಡುಗಿ ಅನ್ನು. ಇಲ್ಲಾಂದ್ರೆ ಬರಲೇಬೇಡ” ಅಂದುಬಿಟ್ಟೆ. ಅಪ್ಪ ನಕ್ಕ. “ಈ ನಾಲ್ಗೆ ತಿರುಗಾಕಿಲ್ಲ ಕಣವ್ವ.” ಆಮೇಲೂ ಪ್ರತಿ ಭಾನುವಾರ ಬಂದ, ಆದರೆ ಯಾರನ್ನೂ ಏನೂ ಕೇಳದೆ, ನಾನೇ ನೋಡುವವರೆಗೆ ಗೇಟಿನಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಅಂಥ ಜಂಬದ ಕೋಳಿ ನಾನು.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ನಾಲಿಗೆಗೆ ಬರುತ್ತಿರಲಿಲ್ಲ. ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ, ಲಕ್ವ ಹೊಡೆದ ಮಿದುಳು ಮಾತನ್ನು ಮತ್ತೆ ಹೇಗೆ ಕಲಿಯುತ್ತದೆ ಅಂತ ಸಂಶೋಧನೆ ನಡೆಯುತ್ತಿತ್ತು. ಅಲ್ಲಿ ಸೇರಿಸಿದೆವು. ಪ್ರತಿ ಬುಧವಾರ ನಂಜನಗೂಡಿನಿಂದ ಬಸ್ಸು. ತಲೆಗೆ ವೈರುಗಳ ಟೋಪಿ ಹಾಕಿಸಿಕೊಂಡು ಅಪ್ಪ ಮದುಮಗನ ಹಾಗೆ ಗಂಭೀರವಾಗಿ ಕೂರುತ್ತಿದ್ದ. ಎದುರಿಗೆ ಒಂದೊಂದೇ ಚಿತ್ರ ಹಿಡಿಯುತ್ತಿದ್ದರು.

ಮೂರನೇ ತಿಂಗಳು, ಹಸುವಿನ ಚಿತ್ರಕ್ಕೆ ಅಪ್ಪ ತಡವರಿಸಿ “ಅ... ಸು” ಅಂದ. ಲಕ್ವ ಹೊಡೆದ ಮೇಲೆ ಅವನಾಡಿದ ಮೊದಲ ಮಾತು ಅದು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪರೀಕ್ಷೆ ಮಾಡುತ್ತಿದ್ದ ಸಂಶೋಧಕಿ ಕರಾವಳಿ ಕಡೆಯವಳು, ತುಂಬ ಒಳ್ಳೆಯವಳು. ಹಾಳೆಯ ಮೇಲೆ ತಪ್ಪು ಗುರುತು ಹಾಕಿ, “ಮೊದಲ ಅಕ್ಷರ ಬಿಟ್ಟುಹೋಗಿದೆ” ಅಂದಳು.

ಬಿಟ್ಟುಹೋಗಿಲ್ಲ, ಅವನ ಬಾಯಲ್ಲಿ ಅದು ಯಾವತ್ತೂ ಇರಲಿಲ್ಲ ಅಂತ ನಾನು ಹೇಳಬೇಕಿತ್ತು. ಒಂದೇ ಒಂದು ಮಾತು. ಹಾಸ್ಟೆಲ್ಲಿನ ಆ ಗೇಟಿನ ನಾಚಿಕೆ ಅಡ್ಡ ಬಂತು. ಹೇಳಲಿಲ್ಲ.

ಅವಳು ಮನೆಯಲ್ಲಿ ಮಾಡಲು ಅಭ್ಯಾಸ ಕೊಟ್ಟಳು. ಬಾಯಿಯ ಮುಂದೆ ಅಂಗೈ ಹಿಡಿಯಬೇಕು, ಹ ಅಂದಾಗ ಬಿಸಿಯುಸಿರು ಕೈಗೆ ತಾಗಬೇಕು. ಬೆಳಿಗ್ಗೆ ಸಂಜೆ ನಾನೇ ಮಾಡಿಸಿದೆ. ಮೇಷ್ಟ್ರಿಗಿಂತ ಕಟ್ಟುನಿಟ್ಟು. ಅಪ್ಪ ಬೇಸರಿಸದೆ ಅಂಗೈಗೆ ಊದಿ ಊದಿ ಕಲಿತ. ಒಂದೊಂದೇ ಪದ ಬಂತು, ಎಲ್ಲವೂ ಪುಸ್ತಕದ ಪದಗಳೇ.

ಕಳೆದ ತಿಂಗಳು ಎರಡು ಜಡೆಯ ಮಗುವಿನ ಚಿತ್ರ ನೋಡಿ ಅಪ್ಪ ಸ್ಪಷ್ಟವಾಗಿ “ಹುಡುಗಿ” ಅಂದ. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿದರು. ಮಿದುಳು ಹೊಸ ದಾರಿ ಮಾಡಿಕೊಂಡಿದೆ ಅಂದಳು ಸಂಶೋಧಕಿ, ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣೂ ಒದ್ದೆಯಾಯಿತು, ಆದರೆ ಖುಷಿಗಲ್ಲ. ಅಂದು ಗೇಟಿನಲ್ಲಿ ನಾನು ಕೇಳಿದ್ದು ಇದೇ ಪದವನ್ನು. ಈಗ ಬಂದಿತ್ತು, ಮತ್ತು ನನಗೆ ಬೇಡವಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಳೆಯ ಆ ಕೂಗನ್ನೇ ನೆನೆಯುತ್ತ ಬಂದೆ.

ಮನೆಗೆ ಬಂದ ಮೇಲೆ ಅಪ್ಪನ ಎದುರು ನೆಲದಲ್ಲಿ ಕೂತೆ. “ಅಪ್ಪ, ಒಂದ್ಸಲ ಉಡುಗಿ ಅನ್ನಪ್ಪ.”

ಅಪ್ಪ ನನ್ನನ್ನು ಕನಿಕರದಿಂದ ನೋಡಿದ. ಆಮೇಲೆ ನಿಧಾನವಾಗಿ ಕೈ ಎತ್ತಿ, ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದ.

“ಹು,” ಅಂದ. “ಹು... ಡುಗಿ.”

ನಾನು ಸರಿಯಾಗಿ ಹೇಳಲಿ ಅಂತ, ಕೈ ಇಳಿಸದೆ ಕಾದ.