ಐದು ಊರಿಗೆ ಒಂದೇ ಬಾಗಿಲು

ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟು ವೆಬ್‌ಸೈಟ್ ಕಟ್ಟಲು ಕೂತು ಹದಿನಾಲ್ಕು ವರ್ಷವಾಗಿತ್ತು. ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕಿವಿ ಮಷಿನ್ ಮಾರುವ ಅಂಗಡಿಯ ಮಹಡಿಯಲ್ಲಿ, ಖಾಲಿ ಪೆಟ್ಟಿಗೆಗಳ ನಡುವೆ ಅವರ ಮೇಜು. ಯಜಮಾನಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಐದು ಊರಿನಲ್ಲಿ ಐದು ಅಂಗಡಿ; ಎಲ್ಲಕ್ಕಿಂತ ದೂರದ್ದನ್ನು ಅಕ್ಕನ ತಮ್ಮ ನೋಡಿಕೊಳ್ಳುತ್ತಿದ್ದ.

ಮೊದಲ ದಿನವೇ ತಕರಾರು ಎದ್ದಿತ್ತು. ಪ್ರತಿ ಅಂಗಡಿಯ ವೆಬ್ ವಿಳಾಸದಲ್ಲಿ ಊರಿನ ಹೆಸರು ಮುಂದೆ ಬಂದರೆ ಸಬ್‌ಡೊಮೇನ್: ಬೇರೆ ಮನೆ, ಬೇರೆ ಬೀಗ. ಕೊನೆಯಲ್ಲಿ, ಓರೆಗೀಟಿನ ಆಚೆ ಬಂದರೆ ಸಬ್‌ಡೈರೆಕ್ಟರಿ: ಒಂದೇ ಮನೆಯ ಕೋಣೆ. ಮೇಷ್ಟ್ರು ಕೋಣೆಯೇ ಸಾಕೆಂದರು.

“ನನ್ನೂರು ಮುಂದೆ ಇರ್ಬೇಕು ಮೇಷ್ಟ್ರೇ,” ಎಂದ ತಮ್ಮ. “ಬಾಲದಲ್ಲಿ ನೇತಾಡೋಕೆ ನಾನೇನು ಮಂಗನಾ?”

“ಬಾಲ ಇರೋದಕ್ಕೇ ಕಣಯ್ಯಾ ಮಂಗ ಬೀಳ್ದೇ ಇರೋದು.”

ಅಕ್ಕ ನಕ್ಕರು. ಆದರೆ ತಮ್ಮನ ಮಾತೇ ನಡೆಯಿತು.

ಐದು ಮನೆ ಗುಡಿಸುವುದು ಮೇಷ್ಟ್ರೊಬ್ಬರ ಹೆಗಲಿಗೆ ಬಿತ್ತು. ಒಂದು ಸಾಲು ಬದಲಾದರೂ ಐದು ಕಡೆ ತಿದ್ದಬೇಕು. ಅಂತರ್ಜಾಲದಲ್ಲಿ ಹುಡುಕಿದವರಿಗೆ ದೊಡ್ಡ ಊರಿನ ಅಂಗಡಿ ಕೂಡಲೇ ಸಿಗುತ್ತಿತ್ತು. ತಮ್ಮನದು ಮೂರನೆಯ ಪುಟದಲ್ಲಿ ಮುದುರಿ ಕೂತಿರುತ್ತಿತ್ತು. ಒಮ್ಮೆ ಅವನ ಅಂಗಡಿಯ ರಜೆಯ ದಿನವನ್ನು ವೆಬ್‌ಸೈಟಿನಲ್ಲಿ ಹಾಕುವುದನ್ನು ಮೇಷ್ಟ್ರು ಮರೆತರು. ಎರಡು ಬಸ್ಸು ಹತ್ತಿ ಬಂದ ಮುದುಕರೊಬ್ಬರು ಮುಚ್ಚಿದ ಬಾಗಿಲು ತಟ್ಟುತ್ತಲೇ ಇದ್ದರಂತೆ. ಒಳಗಿನಿಂದ ಯಾರಾದರೂ ಓಗೊಟ್ಟರೋ ಇಲ್ಲವೋ ಅವರ ಕಿವಿಗೆ ತಿಳಿಯುವಂತಿರಲಿಲ್ಲ. ಮೇಷ್ಟ್ರಿಗೆ ಅದು ಮುಳ್ಳಿನಂತೆ ಉಳಿಯಿತು.

ಮೇಷ್ಟ್ರ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದಾಗ ಅವರಿಗೆ ಒಂದೇ ಚಿಂತೆ: ತಾವಿರುವಾಗಲೇ ಐದನ್ನೂ ಒಂದು ಮಾಡಬೇಕು. ತಮ್ಮನನ್ನು ಕರೆಸಿ ಕುರ್ಚಿ ಬಿಟ್ಟು ಎದ್ದರು.

“ನಿನ್ನ ಅಂಗಡಿ ಸಮಯ ತಿದ್ದು, ನೋಡೋಣ.”

ತಮ್ಮ ಪರದೆ ನೋಡಿದ, ಕೀಲಿಮಣೆ ನೋಡಿದ. “ನಂಗೆಲ್ಲಿ ಬರತ್ತೆ? ನೀವಿದ್ದೀರಲ್ಲ.”

“ಇದ್ದೀನಪ್ಪಾ. ಎಷ್ಟು ದಿನ ಅಂತ ಕೇಳ್ಬೇಡ.”

ಕೆಳಗೆ ಯಾರೋ ಕಿವಿ ಮಷಿನ್ ಪರೀಕ್ಷಿಸುತ್ತ “ಕೇಳಿಸ್ತಾ? ಈಗ?” ಎನ್ನುತ್ತಿದ್ದರು. ತಮ್ಮ ಎದ್ದು ಕುರ್ಚಿಯನ್ನು ಮೇಷ್ಟ್ರ ಕಡೆಗೆ ತಿರುಗಿಸಿದ.

“ಸೇರಿಸ್ಬಿಡಿ ಮೇಷ್ಟ್ರೇ.”

ಹಳೆಯ ವಿಳಾಸ ಹಿಡಿದು ಬಂದವರೂ ದಾರಿ ತಪ್ಪಬಾರದು. ಇನ್ನೂರಕ್ಕೂ ಹೆಚ್ಚು ಪುಟಗಳಿಗೆ ಒಂದೊಂದಾಗಿ ಹೊಸ ದಾರಿ ತೋರಿಸಬೇಕಿತ್ತು. ಬೆರಳು ಊದಿ ಒತ್ತಲಾಗದೆ ಅವರು ಹೇಳುತ್ತ ಹೋದರು, ಅಕ್ಕ ಬರೆಯುತ್ತ ಹೋದರು. ನಡುವೆ ಕಣ್ಣು ಮುಚ್ಚಿದರೆ ಅಕ್ಕ ಕಾಯುತ್ತಿದ್ದರು. ಹದಿನೆಂಟನೆಯ ದಿನ ಮಧ್ಯಾಹ್ನ ಮುಗಿಯಿತು.

“ಇನ್ಮೇಲೆ ಎಲ್ಲಾ ಒಂದೇ ಕಡೆ ಅಕ್ಕಾ. ಅವನಿಗೂ ಕಲ್ಸಿಬಿಡಿ. ನನ್ನ ಕೇಳ್ಬೇಕಾಗಿಲ್ಲ,” ಎಂದು ಮೇಜಿಗೆ ತಲೆಯಾನಿಸಿದರು.

ಅವರು ಹೋಗಿ ಎರಡು ತಿಂಗಳಾಯಿತು. ಅವರನ್ನು ಕೇಳಲೇಬೇಕಾದದ್ದು ಏನೂ ಬಂದಿಲ್ಲ. ರಜೆ, ಸಮಯ, ಎಲ್ಲವನ್ನೂ ತಮ್ಮ ತಾನೇ ತಿದ್ದುತ್ತಾನೆ. ತಿದ್ದಿದ ಮೇಲೆ ಅಕ್ಕನಿಗೆ ಫೋನ್ ಮಾಡಿ, “ಸರಿ ಇದ್ಯಾ ನೋಡೇ,” ಎನ್ನುತ್ತಾನೆ. ಸರಿಯಾಗಿಯೇ ಇರುತ್ತದೆ. ಮುಂದಿನ ಸಲವೂ ಫೋನ್ ಮಾಡುತ್ತಾನೆ.